ನನ್ನ ಬದಿಯ ಬ್ರೇಕು

ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಎರಡು ಬ್ರೇಕು ಇರುತ್ತವೆ. ಒಂದು ಕಲಿಯುವವರ ಕಾಲ ಕೆಳಗೆ, ಇನ್ನೊಂದು ಪಕ್ಕದಲ್ಲಿ ಕೂತು ಕಲಿಸುವವರ ಕಾಲ ಕೆಳಗೆ. ಆ ಎರಡನೆಯದರ ಮೇಲೆ ಕಾಲಿಟ್ಟುಕೊಂಡೇ ನಾನು ಹದಿನಾರು ವರ್ಷ ಸಂಸಾರ ತೂಗಿಸಿದ್ದೇನೆ. ಅಭ್ಯಾಸ ಎಷ್ಟು ಕೆಟ್ಟದೆಂದರೆ, ಬಸ್ಸಿನಲ್ಲಿ ಕೂತಿದ್ದಾಗಲೂ ಮುಂದೆ ಯಾರಾದರೂ ಅಡ್ಡ ಬಂದರೆ ನನ್ನ ಬಲಗಾಲು ತಾನಾಗಿಯೇ ನೆಲ ಒತ್ತುತ್ತದೆ. ಒಮ್ಮೆ ಹಲ್ಲಿನ ಡಾಕ್ಟರು ಡ್ರಿಲ್ಲನ್ನು ಬಾಯಿಯ ಹತ್ತಿರ ತಂದಾಗಲೂ ಒತ್ತಿದ್ದೆ. ಅದೇನೂ ನಿಲ್ಲಲಿಲ್ಲ.

ನಮ್ಮ ಡ್ರೈವಿಂಗ್ ಸ್ಕೂಲು ಅಂದರೆ ಒಂದು ಬಿಳಿ ಕಾರು, ಒಂದು ಕೋಣೆ, ಗೋಡೆಯಲ್ಲಿ ರಸ್ತೆ ಚಿಹ್ನೆಗಳ ಚಾರ್ಟು, ಆರು ಪ್ಲಾಸ್ಟಿಕ್ ಕುರ್ಚಿ, ಮತ್ತು ನಾನು. ಕೋಣೆಯ ಹಿಂದಿನ ಬಾಗಿಲು ತೆಗೆದರೆ ನಮ್ಮ ಮನೆ. ನಮ್ಮೆಜಮಾನರು ಲಿಫ್ಟ್ ಮೆಕ್ಯಾನಿಕ್. "ನಾನು ಜನಾನ ಮೇಲೆ ಕೆಳಗೆ ಕಳಿಸ್ತೀನಿ, ನೀನು ಹಿಂದೆ ಮುಂದೆ ಕಳಿಸ್ತೀಯ, ನಾವಿಬ್ಬರು ಮಾತ್ರ ಇದ್ದಲ್ಲೇ ಇದೀವಿ" ಎಂಬುದು ಅವರ ಏಕೈಕ ಜೋಕು. ಹದಿನಾರು ವರ್ಷದಿಂದ ಅದನ್ನೇ ಎಣ್ಣೆ ಹಾಕಿ ಓಡಿಸುತ್ತಿದ್ದಾರೆ.

ಸ್ಕೂಲಿಗೆ ನಾನೇ ಮಾಡಿದ ಒಂದು ನಿಯಮವಿದೆ. ಪಾಠ ಮುಗಿದ ತಕ್ಷಣ ಅವತ್ತಿನ ತಪ್ಪುಗಳನ್ನು ಕಲಿಯುವವರ ಪುಸ್ತಕದಲ್ಲಿ ಬರೆಯುತ್ತೇನೆ. ಅವರ ಕಣ್ಣೆದುರೇ ಬರೆಯಬೇಕು, ಓದಿ ಹೇಳಬೇಕು, ಅವರು ಒಪ್ಪಿ ಕೆಳಗೆ ಸಹಿ ಹಾಕಬೇಕು. ಒಪ್ಪದಿದ್ದರೆ ಇನ್ನೊಂದು ಸುತ್ತು ಹೋಗಿ ನೋಡಬೇಕು. ಬೆನ್ನ ಹಿಂದೆ ಬರೆದಿಟ್ಟ ತಪ್ಪನ್ನು ಯಾರೂ ತಿದ್ದಿಕೊಳ್ಳುವುದಿಲ್ಲ. ಈ ನಿಯಮವನ್ನು ಹದಿನಾರು ವರ್ಷದಲ್ಲಿ ಮುರಿದವರು ಒಬ್ಬರೇ. ಅದನ್ನು ಹೇಳುವುದಕ್ಕೇ ಇಷ್ಟೆಲ್ಲ ಪೀಠಿಕೆ.

ನನಗೊಬ್ಬಳೇ ಮಗಳು. ಆರು ವರ್ಷದವಳಿದ್ದಾಗ, ಅಲ್ಲಾಡುತ್ತಿದ್ದ ಒಂದು ಕುರ್ಚಿಯ ಕಾಲಿಗೆ ಕರವಸ್ತ್ರ ಸುತ್ತಿ, "ಮೂರು ದಿನ ಇದರ ಮೇಲೆ ಯಾರೂ ಕೂತ್ಕೋಬಾರ್ದು, ನೋವಾಗತ್ತೆ" ಎಂದು ಮನೆಮಂದಿಗೆಲ್ಲ ಅಪ್ಪಣೆ ಮಾಡಿದಳು. ನಮ್ಮತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಆಯ್ತು ಡಾಕ್ಟ್ರಮ್ಮ" ಅಂದರು. ಅಂದಿನಿಂದ ಅವಳ ಹೆಸರೇ ಅದಾಯಿತು. ಹಾಲು ತರಲು ಹೋದರೂ ಡಾಕ್ಟ್ರಮ್ಮ, ಬೈಸಿಕೊಳ್ಳುವಾಗಲೂ ಡಾಕ್ಟ್ರಮ್ಮ. ರಸ್ತೆಯವರೂ ಹಾಗೇ ಕರೆದರು, ಶಾಲೆಯಲ್ಲೂ ಅದೇ ಹಬ್ಬಿತು. ಅವಳು ಚೆನ್ನಾಗಿಯೇ ಓದುತ್ತಿದ್ದಳು. ನಾವು ನಿಶ್ಚಿಂತೆಯಾಗಿದ್ದೆವು.

ಆಮೇಲೆ ಕಾಲೇಜಿನ ಎರಡನೇ ವರ್ಷ ರಸಾಯನಶಾಸ್ತ್ರ ಮತ್ತು ಭೌತಶಾಸ್ತ್ರ ಎರಡರಲ್ಲೂ ಫೇಲಾದಳು.

ಸ್ವಲ್ಪದರಲ್ಲಿ ತಪ್ಪಿದ್ದಲ್ಲ. ರಸಾಯನಶಾಸ್ತ್ರದಲ್ಲಿ ನೂರಕ್ಕೆ ಹನ್ನೊಂದು. ಅಂಕಪಟ್ಟಿಯಲ್ಲಿ ಎರಡು ಕಡೆ 'ಅನುತ್ತೀರ್ಣ' ಎಂದು ದಪ್ಪಗೆ ಅಚ್ಚಾಗಿತ್ತು. ಆ ವರ್ಷವೇ ನನ್ನ ಕಾಲು ಮುರಿದಿತ್ತು. ಅದೂ ಕಾರಿನಿಂದಲ್ಲ. ಅಟ್ಟದಿಂದ ಡಬ್ಬ ಇಳಿಸಲು ಸ್ಟೂಲು ಹತ್ತಿ, ಡಬ್ಬವನ್ನು ಉಳಿಸಿ ನಾನು ಬಿದ್ದಿದ್ದೆ. ಮೂರು ತಿಂಗಳು ಸ್ಕೂಲು ಮುಚ್ಚಿತು. ಮಗಳು ಫೇಲಾದಾಗ ಯಾರಾದರೂ ಕೇಳಿದರೆ ನಾನು ಹೇಳುತ್ತಿದ್ದದ್ದು ಒಂದೇ: "ಪಾಪ, ನನ್ನ ಕಾಲಿನ ಗಲಾಟೇಲಿ ಮಗು ಓದು ಹಾಳಾಯ್ತು." ಹೇಳಿ ಹೇಳಿ ನನಗದು ಬಾಯಿಪಾಠವಾಗಿತ್ತು.

ಮರುವರ್ಷ ಅವಳು ಮತ್ತೆ ಕೂತು ಪಾಸಾದಳು. ಅದರ ಮುಂದಿನ ವರ್ಷಗಳಲ್ಲಂತೂ ಮೊದಲ ಐದರಲ್ಲಿ ಬಂದಳು. ಇದಕ್ಕೆ ಕಾರಣ ನಮ್ಮ ಸ್ಕೂಲಿನ ಅತ್ಯಂತ ಹಳೆಯ ವಿದ್ಯಾರ್ಥಿ, ಮೂಲೆಯ ಔಷಧಿ ಅಂಗಡಿಯವರು. ವಯಸ್ಸು ಐವತ್ತೆರಡು. ಲೈಸೆನ್ಸ್ ಪರೀಕ್ಷೆಯಲ್ಲಿ ಆರು ಸಲ ಫೇಲಾದವರು. ಆದರೆ ಆ ಮನುಷ್ಯನಿಗೆ ನಾಚಿಕೆ ಎಂಬುದು ಹುಟ್ಟಿನಿಂದ ಬಂದಿಲ್ಲ. ನಾಲ್ಕು ವರ್ಷವಾದರೂ ಕಾರು ಹತ್ತಿದ ಕೂಡಲೇ, "ಮೇಡಂ, ಬೇಜಾರು ಮಾಡ್ಕೋಬೇಡಿ, ಕ್ಲಚ್ ಯಾವುದು ಅಂದ್ರಿ?" ಎಂದು ಕೇಳುತ್ತಾರೆ.

ಫೇಲಾದ ಮೇಲೆ ಮಗಳು ಸ್ಕೂಲಿನ ಕೋಣೆಯಲ್ಲಿ ಫೋನು ತೆಗೆದುಕೊಳ್ಳುವುದು, ಹೊಸಬರಿಗೆ ರಸ್ತೆ ಚಿಹ್ನೆ ಹೇಳಿಕೊಡುವುದು ಮಾಡುತ್ತಿದ್ದಳು. ತಮ್ಮ ಸರದಿಗೆ ಕಾಯುತ್ತಾ ಕೂತ ಅಂಗಡಿಯವರು ಒಂದೇ ಚಿಹ್ನೆಯನ್ನು ಮೂರನೇ ಸಲ ಕೇಳಿದಾಗ ಅವಳು, "ಅಂಕಲ್, ಇಷ್ಟು ಸಲ ಕೇಳೋಕೆ ನಿಮಗೆ ಏನೂ ಅನ್ಸಲ್ವಾ?" ಎಂದಳಂತೆ.

"ಅನ್ಸತ್ತೆ ಮಗಾ. ಕೇಳದೆ ಮನೆಗೆ ಹೋದ್ರೆ ಇನ್ನೂ ಜಾಸ್ತಿ ಅನ್ಸತ್ತೆ," ಅಂದರಂತೆ ಅವರು.

ಅದಕ್ಕೆ ಅವಳು ಕೇಳಿದಳಂತೆ: "ಹಾಗಾದ್ರೆ ನನಗೊಂದು ಹೇಳ್ತೀರಾ? ಆಮ್ಲ ಅಂದ್ರೆ ಏನು?"

ಎರಡನೇ ವರ್ಷದ ವಿಜ್ಞಾನದ ಹುಡುಗಿ. ಅಂಗಡಿಯವರು ನಗಲಿಲ್ಲ. ಔಷಧಿ ಚೀಟಿಯ ಹಿಂದೆ ಬರೆದು ಹೇಳಿಕೊಟ್ಟರು. ಅಂದಿನಿಂದ ಅವರಿಬ್ಬರಿಗೂ ಒಪ್ಪಂದ. ಒಂದು ರಸ್ತೆ ಚಿಹ್ನೆಗೆ ಒಂದು ರಸಾಯನ. ಅವಳು ಪಾಸಾದಳು. ಅವರು ಆಗಲಿಲ್ಲ.

ಈ ವರ್ಷ ವೈದ್ಯಕೀಯ ಕಾಲೇಜುಗಳಿಗೆ ಅರ್ಜಿ ಹಾಕುವ ಕಾಲ ಬಂತು. ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ಅಂಕವೇ ಬಂದಿತ್ತು. ಆದರೆ ಮೂರು ಕಾಲೇಜುಗಳು, ಒಂದು ಸಲ ಫೇಲಾದವರ ಅರ್ಜಿಯನ್ನು ಮುಟ್ಟುವುದೇ ಇಲ್ಲ ಎಂದವು. ನಾಲ್ಕನೆಯದು ಮುಟ್ಟುತ್ತೇವೆ ಎಂದಿತು, ಷರತ್ತಿನ ಮೇಲೆ. ಫೇಲಾದ ಕಾರಣವನ್ನು ಅಭ್ಯರ್ಥಿಯೇ ಒಂದು ಪುಟದಲ್ಲಿ ಬರೆಯಬೇಕು, ಕೆಲಸ ಮಾಡಿದ ಕಡೆಯವರು ಅವಳ ಬಗ್ಗೆ ಮುಚ್ಚಿದ ಲಕೋಟೆಯಲ್ಲಿ ನೇರವಾಗಿ ಕಾಲೇಜಿಗೆ ಪತ್ರ ಕಳಿಸಬೇಕು, ಆಮೇಲೆ ಸಂದರ್ಶನ. ವಯಸ್ಸಿನ ಮಿತಿಯ ಲೆಕ್ಕದಲ್ಲಿ ಅವಳಿಗೆ ಇದೇ ಕೊನೆಯ ವರ್ಷ. ಈ ಬಾಗಿಲು ಮುಚ್ಚಿದರೆ ಮುಗಿಯಿತು.

ಅವಳು ಕೆಲಸ ಮಾಡಿದ್ದು ನಮ್ಮ ಸ್ಕೂಲಿನಲ್ಲೇ. ಹಾಗಾಗಿ ಪತ್ರ ಬರೆಯಬೇಕಾದವಳು ನಾನೇ. ಅವಳು ಅರ್ಜಿಯಲ್ಲಿ 'ಮಾಲೀಕರು ನನ್ನ ತಾಯಿ' ಎಂದು ಸ್ಪಷ್ಟವಾಗಿ ನಮೂದಿಸಿದ್ದಳು.

"ಅಮ್ಮ, ಕೆಲಸದ ಬಗ್ಗೆ ಅಷ್ಟೇ ಬರಿ," ಎಂದಳು. "ನಿನ್ನ ಕಾಲಿನ ಕಥೆ ಬೇಡ."

"ಯಾಕೆ ಬೇಡ? ನಡೆದದ್ದು ತಾನೇ?"

"ಕಾಲು ಮುರಿದದ್ದು ನಡೆದದ್ದು. ಉಳಿದದ್ದು ನೀನು ಕಟ್ಟಿದ್ದು. ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ, ನಾನು ಹಾಗೆ ಹೇಳಲ್ಲ."

"ಆಯ್ತು ತಾಯಿ," ಅಂದೆ.

ಅಂದೆ ಅಷ್ಟೇ. ಪತ್ರ ಬರೆಯಲು ಕೂತಾಗ ನನಗೆ ಗೊತ್ತಿದ್ದ ಶೈಲಿ ಒಂದೇ, ಕಲಿಯುವವರ ಪುಸ್ತಕದ್ದು. 'ಸಮಯಪಾಲನೆ: ಚೆನ್ನಾಗಿದೆ. ಕಲಿಯುವವರೊಡನೆ ತಾಳ್ಮೆ: ನನಗಿಂತ ಹೆಚ್ಚು. ತಾಯಿಯೊಡನೆ ತಾಳ್ಮೆ: ಇನ್ನೂ ಅಭ್ಯಾಸ ಬೇಕು. ಅಪಘಾತವಾದಾಗ ಗಾಬರಿ: ಇಲ್ಲ. ಒಮ್ಮೆ ಕಲಿಯುತ್ತಿದ್ದವರೊಬ್ಬರು ಕಂಬಕ್ಕೆ ಗುದ್ದಿ ಹಣೆ ಒಡೆದುಕೊಂಡಾಗ ನನಗಿಂತ ಮೊದಲು ಓಡಿ ಹೋಗಿ ರಕ್ತ ಒತ್ತಿ ಹಿಡಿದವಳು ಅವಳು.' ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಆ 'ಅನುತ್ತೀರ್ಣ' ಎಂಬ ಎರಡು ದಪ್ಪ ಪದಗಳು ರಸ್ತೆಯ ನಡುವೆ ನಿಂತ ಎರಡು ಎಮ್ಮೆಗಳಂತೆ ಕಣ್ಣಿಗೆ ಕಂಡವು. ಬಲಗಾಲು ನೆಲ ಒತ್ತಿತು. ಕೊನೆಗೆ ನಾಲ್ಕು ಸಾಲು ಸೇರಿಸಿದೆ: 'ಎರಡನೇ ವರ್ಷ ಅವಳು ಅನುತ್ತೀರ್ಣಳಾದದ್ದಕ್ಕೆ ನನ್ನ ಕಾಲು ಮುರಿದದ್ದೇ ಕಾರಣ. ಹಗಲಿರುಳು ನನ್ನ ಸೇವೆ ಮಾಡಿ ಅವಳಿಗೆ ಓದಲಾಗಲಿಲ್ಲ. ತಪ್ಪು ನನ್ನದು, ಅವಳದಲ್ಲ.' ಲಕೋಟೆ ಅಂಟಿಸಿ, ಮಗಳಿಗೆ ತೋರಿಸದೆ, ಸಹಿ ಹಾಕಿಸದೆ ಅಂಚೆ ಡಬ್ಬಿಗೆ ಹಾಕಿಬಂದೆ. ಮನಸ್ಸು ಹಗುರಾಯಿತು.

ಹಗುರಾಗಿದ್ದು ಸಂಜೆಯವರೆಗೆ. ಊಟಕ್ಕೆ ಕೂತಾಗ ಮಗಳು ತನ್ನ ಪುಟ ಹಿಡಿದು ಬಂದಳು. "ಕಳಿಸೋಕೆ ಮುಂಚೆ ಎಲ್ಲರೂ ಕೇಳಿ. ಆಮೇಲೆ ಗೊತ್ತಿರ್ಲಿಲ್ಲ ಅನ್ನಬಾರ್ದು," ಎಂದು ನಿಂತುಕೊಂಡೇ ಓದಿದಳು.

'ನಾನು ಎರಡು ವಿಷಯಗಳಲ್ಲಿ ಅನುತ್ತೀರ್ಣಳಾದೆ. ಆ ವರ್ಷ ನನ್ನ ತಾಯಿಯ ಕಾಲು ಮುರಿದಿತ್ತು. ಅದು ಕಾರಣವಲ್ಲ. ಅಜ್ಜಿ ಅವರನ್ನು ನೋಡಿಕೊಂಡರು, ನನ್ನನ್ನು ಓದಲು ಕೋಣೆಗೆ ಕಳಿಸಿದರು. ನಾನು ಕೋಣೆಯಲ್ಲಿ ಪುಸ್ತಕ ತೆರೆದು ಕೂತಿರುತ್ತಿದ್ದೆ. ಮೊದಲ ವಾರದ ಪಾಠವೇ ನನಗೆ ಅರ್ಥವಾಗಿರಲಿಲ್ಲ. ಕೇಳಲಿಲ್ಲ. ಆರನೇ ವಯಸ್ಸಿನಿಂದ ಎಲ್ಲರೂ ನನ್ನನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದರು. ಡಾಕ್ಟರಾದವಳು ಎದ್ದು ನಿಂತು ಆಮ್ಲ ಎಂದರೇನು ಎಂದು ಕೇಳುವುದು ಹೇಗೆ ಎಂದುಕೊಂಡೆ. ಒಂದು ವರ್ಷ ಹಾಗೇ ಕೂತೆ. ಆಮೇಲೆ ಆರು ಸಲ ಅನುತ್ತೀರ್ಣರಾದ ಒಬ್ಬರಿಂದ ಕೇಳುವುದನ್ನು ಕಲಿತೆ.'

ಓದಿ ಮುಗಿಸಿದಳು. ಅತ್ತೆ ತಟ್ಟೆಯನ್ನೇ ನೋಡುತ್ತಿದ್ದರು. "ಆ ಹೆಸರು ಇಟ್ಟಿದ್ದು ನಾನಲ್ಲವೇನೇ," ಎಂದರು ಮೆಲ್ಲಗೆ.

"ಅಯ್ಯೋ ಅಜ್ಜಿ, ನೀನು ಪ್ರೀತಿಗೆ ಇಟ್ಟಿದ್ದು. ನಾನು ತಲೆ ಮೇಲೆ ಇಟ್ಕೊಂಡಿದ್ದು."

ನಮ್ಮೆಜಮಾನರು ಗಂಟಲು ಸರಿ ಮಾಡಿಕೊಂಡು, "ಚೆನ್ನಾಗಿ ಬರ್ದಿದೀಯ," ಎಂದರು. ನನ್ನ ಬಲಗಾಲು ಮೇಜಿನ ಕೆಳಗೆ ನೆಲವನ್ನು ಎಷ್ಟು ಜೋರಾಗಿ ಒತ್ತುತ್ತಿತ್ತೆಂದರೆ ಹಳೆಯ ಮುರಿತ ನೋಯತೊಡಗಿತು. ಒಂದೇ ಕಾಲೇಜು, ಒಂದೇ ಮೇಜು, ಅದರ ಮೇಲೆ ಎರಡು ಕಾಗದ. ಒಂದರಲ್ಲಿ ಕಾಲು ಕಾರಣವಲ್ಲ, ಇನ್ನೊಂದರಲ್ಲಿ ಕಾಲೇ ಕಾರಣ. ಓದಿದವರು ಏನೆಂದುಕೊಳ್ಳುತ್ತಾರೆ? ತಾಯಿ ಮಗಳಲ್ಲಿ ಒಬ್ಬರು ಸುಳ್ಳರು. ಸುಳ್ಳರನ್ನು ಡಾಕ್ಟರು ಮಾಡುತ್ತಾರೆಯೇ?

ಬೆಳಗಾಗುತ್ತಲೇ ಅಂಚೆ ಕಚೇರಿಗೆ ಓಡಿದೆ. ಕಿಟಕಿಯ ಹಿಂದಿನ ಗುಮಾಸ್ತರು ಮುದ್ರೆ ಒತ್ತುತ್ತಲೇ, "ಡಬ್ಬಿಗೆ ಬಿದ್ದದ್ದು ಡಬ್ಬೀದಮ್ಮಾ," ಅಂದರು. "ಅದೂ ನಿನ್ನೇದು. ಇಷ್ಟು ಹೊತ್ತಿಗೆ ತಲುಪೇ ಬಿಟ್ಟಿರತ್ತೆ."

"ಯಾವತ್ತೂ ಇಷ್ಟು ಬೇಗ ಹೋಗಲ್ವಲ್ಲಾ ನಿಮ್ಮ ಅಂಚೆ!"

"ಬೇಡ ಅಂದಾಗ ಹೋಗತ್ತೆ," ಅಂದರು ಅವರು, ತಲೆಯೆತ್ತದೆ.

ಹದಿನೆಂಟು ದಿನ ನಾನು ಮಗಳಿಗೆ ಹೇಳಲಿಲ್ಲ. ಹೇಳಲು ಬಾಯಿ ತೆರೆದಾಗಲೆಲ್ಲ ಬೇರೇನೋ ಬಂತು. "ಒಂದು ಮಾತು ಹೇಳ್ಬೇಕಿತ್ತು" ಎಂದು ಶುರು ಮಾಡಿ, "ಬಟ್ಟೆ ಒಣಗಿದ್ಯಾ ನೋಡು" ಎಂದು ಮುಗಿಸುತ್ತಿದ್ದೆ. ಪಾಠದಲ್ಲೂ ಲಕ್ಷ್ಯವಿಲ್ಲ. ಹಸಿರು ದೀಪದಲ್ಲಿ ಬ್ರೇಕು ಒತ್ತಿ ಕಲಿಯುವವರಿಂದ ಬೈಸಿಕೊಂಡೆ. ಕೊನೆಗೆ ಸಂದರ್ಶನಕ್ಕೆ ಎರಡು ದಿನವಿದ್ದಾಗ, ಔಷಧಿ ಅಂಗಡಿಯವರ ಪಾಠದಲ್ಲಿ ಅವರ ಮುಂದೆ ಎಲ್ಲ ಹೊರಹಾಕಿದೆ. ಅವರು ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ ಮತ್ತೆ ಹೊರಡಿಸುವುದನ್ನು ಅಭ್ಯಾಸ ಮಾಡುತ್ತಿದ್ದರು. ನನ್ನ ಕಥೆ ಮುಗಿಯುವುದರೊಳಗೆ ಎಂಜಿನ್ ಐದು ಸಲ ಆಫಾಯಿತು.

"ಮೇಡಂ, ನಾನು ನಿಮ್ಮ ಹತ್ರ ನಾಲ್ಕು ವರ್ಷ ಕಲ್ತಿದ್ದು ಒಂದೇ ಮಾತು," ಎಂದರು ಅವರು.

"ಅದೊಂದಾದ್ರೂ ಕಲ್ತ್ರಲ್ಲ. ಯಾವುದು?"

"ತಪ್ಪು ಪೆಡಲ್ ಒತ್ತಿದೀರಿ ಅಂತ ಗೊತ್ತಾದ ಕೂಡ್ಲೇ ಕಾಲು ಮೇಲೆತ್ತಬೇಕು. ಗಾಬರೀಲಿ ಅದನ್ನೇ ಇನ್ನೂ ಜೋರಾಗಿ ಒತ್ತಬಾರ್ದು. ನೀವೇ ಹೇಳಿದ್ದು. ನನ್ನ ಪುಸ್ತಕದಲ್ಲಿ ಒಂಬತ್ತು ಸಲ ಬರ್ದಿದೀರಿ, ನಾನು ಒಂಬತ್ತು ಸಲ ಸಹಿ ಹಾಕಿದೀನಿ." ಆಮೇಲೆ ಪೆಡಲುಗಳ ಕಡೆ ಬಗ್ಗಿ ನೋಡಿ, "ಕ್ಲಚ್ ಈ ಕಡೇದು ತಾನೇ?" ಎಂದರು.

ಸಂದರ್ಶನದ ದಿನ ಮಗಳೇ ಕಾರು ಓಡಿಸಿದಳು. ನಾನು ಪಕ್ಕದಲ್ಲಿ, ನನ್ನ ಬ್ರೇಕಿನ ಮೇಲೆ. ಅವಳದು ಇಸ್ತ್ರಿ ಮಾಡಿದ ತಿಳಿನೀಲಿ ಬಟ್ಟೆ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. ತುಟಿಯಲ್ಲೇ ಉತ್ತರಗಳನ್ನು ಹೇಳಿಕೊಳ್ಳುತ್ತಿದ್ದಳು. ಹಿಂದಿನ ಸೀಟಿನಲ್ಲಿ ಅಂಕಪಟ್ಟಿಗಳ ಫೈಲು. ದೊಡ್ಡ ವೃತ್ತದ ಹತ್ತಿರ ಬರುತ್ತಿದ್ದಂತೆ ಹೇಳಿಬಿಟ್ಟೆ.

"ಡಾಕ್ಟ್ರಮ್ಮ, ನಾನು ಪತ್ರದಲ್ಲಿ ಕಾಲಿನ ವಿಷಯ ಬರೆದ್ಬಿಟ್ಟೆ ಕಣೇ."

ಅವಳು ನನ್ನ ಕಡೆ ತಿರುಗಿದಳು. ಅದೇ ಗಳಿಗೆ ಪಕ್ಕದಿಂದ ಒಂದು ಲಾರಿ ನುಗ್ಗಿತು, ನಾನು ಬ್ರೇಕು ಒತ್ತಿದೆ, ಕಾರು ವೃತ್ತದ ಬಾಯಲ್ಲೇ ಕುಪ್ಪಳಿಸಿ ನಿಂತಿತು. ಹಿಂದೆ ಹಾರನ್ನುಗಳ ಮೇಳ.

"ಅಮ್ಮಾ, ಕಾಲು ತೆಗಿ! ಲಾರಿ ನನಗೂ ಕಂಡಿತ್ತು!"

ತೆಗೆದೆ. ಅವಳು ಗಾಡಿಯನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದಳು. ಎಂಜಿನ್ ಆಫ್ ಮಾಡಿದಳು. ಪೂರ್ತಿ ಕೇಳಿದಳು, ನಾಲ್ಕು ಸಾಲನ್ನೂ ಅಕ್ಷರಶಃ ಹೇಳಿಸಿದಳು.

"'ಹಗಲಿರುಳು ಸೇವೆ'ನಾ?" ಎಂದಳು ಕೊನೆಗೆ. "ನಾನಾ? ಒಂದಿನ ನೀರು ಕೊಡು ಅಂದಾಗ ಅಜ್ಜಿನ ಕೇಳು ಅಂದಿದ್ದೆ."

"ಹೆತ್ತವರಿಗೆ ಹೆಗ್ಗಣ ಮುದ್ದು."

"ಹೆಗ್ಗಣಕ್ಕೆ ತೋರಿಸಿ ಸಹಿ ಹಾಕಿಸ್ಕೋಬೇಕಿತ್ತು. ನಿನ್ನ ರೂಲು ನೀನೇ ಮುರಿದೆಯಲ್ಲಮ್ಮ." ಅವಳ ಕಣ್ಣು ತುಂಬಿತ್ತು. ಕೈಯ ಹಿಂಬದಿಯಿಂದ ಒರೆಸಿಕೊಂಡಳು. ಆಮೇಲೆ ಕನ್ನಡಿ ನೋಡಿ, ಸಿಗ್ನಲ್ ಹಾಕಿ, ಹೆಗಲ ಮೇಲಿಂದ ಹಿಂದೆ ನೋಡಿ, ನಾನು ಕಲಿಸಿದ ಕ್ರಮದಲ್ಲೇ ಗಾಡಿ ಹೊರಡಿಸಿದಳು. "ಅಲ್ಲಿವರೆಗೂ ಕಾಲು ಮಡಚಿ ಸೀಟಿನ ಮೇಲೆ ಇಟ್ಕೊಂಡು ಕೂತ್ಕೋ," ಎಂದಳು. ಹದಿನಾರು ವರ್ಷದಲ್ಲಿ ಮೊದಲ ಸಲ ಆ ಸೀಟಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ.

ಕಾಲೇಜಿನ ಮೊಗಸಾಲೆಯಲ್ಲಿ ಉದ್ದನೆಯ ಬೆಂಚು, ಫಿನಾಯಿಲ್ ವಾಸನೆ, ಗೋಡೆಯ ಮೇಲೆ ಹಳೆಯ ಪ್ರಾಂಶುಪಾಲರ ಸಾಲು ಫೋಟೋಗಳು. ಎಲ್ಲರೂ ನನ್ನ ಪತ್ರ ಓದಿದವರಂತೆಯೇ ನೋಡುತ್ತಿದ್ದರು. ಮಗಳು ಒಳಗೆ ಹೋಗಿ ಕಾಲು ಗಂಟೆಯಾಯಿತು. ಅವಳಿಗಿಂತ ಮುಂಚಿನವರು ಎಂಟು ನಿಮಿಷಕ್ಕೆ ಹೊರಬಂದಿದ್ದರು. ನಾನು ಫೋಟೋಗಳನ್ನು ಎರಡನೇ ಸಲ ಎಣಿಸುತ್ತಿರುವಾಗ ಜವಾನ ಬಾಗಿಲು ತೆರೆದು, "ಡ್ರೈವಿಂಗ್ ಸ್ಕೂಲಿನವರು ಯಾರು? ಒಳಗೆ ಕರೀತಿದಾರೆ," ಎಂದ.

ಮೇಜಿನ ಹಿಂದೆ ಮೂವರು. ನಡುವೆ ಬಿಳಿಕೂದಲಿನ ಹಿರಿಯ ಡಾಕ್ಟರಮ್ಮ, ಮೂಗಿನ ತುದಿಗೆ ಜಾರಿದ ಕನ್ನಡಕ. ಆಚೆ ಈಚೆ ಇಬ್ಬರು ಪ್ರಾಧ್ಯಾಪಕರು. ಈ ಬದಿಯ ಕುರ್ಚಿಯಲ್ಲಿ ನನ್ನ ಮಗಳು, ಬೆನ್ನು ನೆಟ್ಟಗೆ. ಮೇಜಿನ ಮೇಲೆ ಎರಡು ಕಾಗದ ಅಕ್ಕಪಕ್ಕ.

"ಕೂತ್ಕೊಳ್ಳಿ," ಎಂದರು ಹಿರಿಯರು. "ನಿಮ್ಮ ಮಗಳನ್ನ ಕೇಳಿದ್ವಿ, ಈ ಎರಡರಲ್ಲಿ ಯಾವುದು ನಿಜ ಅಂತ. ತನ್ನದು ನಿಜ ಅಂದ್ಲು. ನಿಮ್ಮದು ಯಾಕೆ ಹೀಗಿದೆ ಅಂದ್ರೆ, 'ನಮ್ಮಮ್ಮನ ಕಾರಲ್ಲಿ ಅವರ ಕಡೆಗೂ ಒಂದು ಬ್ರೇಕಿದೆ, ಅವರಿಗೆ ಭಯ ಆದಾಗ ಒತ್ತುತಾರೆ, ಹೊರಗಿದಾರೆ, ಕೇಳಿ' ಅಂದ್ಲು. ಅದಕ್ಕೆ ಕೇಳ್ತಿದೀನಿ. ಯಾವುದು ನಿಜ?"

ಒಂದು ಪದ ಸಾಕಿತ್ತು. ನಾನು ಪತ್ರದಲ್ಲಿ ಬರೆದದ್ದಕ್ಕೇ ಅಂಟಿಕೊಂಡರೆ ಅವಳು ಸುಳ್ಳಿಯಾಗುತ್ತಾಳೆ. ಬಿಟ್ಟರೆ ನಾನು ಸುಳ್ಳಿಯಾಗುತ್ತೇನೆ, ಸುಳ್ಳಿಯ ಮಗಳಿಗೆ ಸೀಟು ಕೊಡುತ್ತಾರೋ ಇಲ್ಲವೋ. ಕಾಲನ್ನು ಕುರ್ಚಿಯ ಕಂಬಿಗೆ ಸಿಕ್ಕಿಸಿ ಎತ್ತಿ ಹಿಡಿದುಕೊಂಡೆ.

"ಅವಳು ಬರ್ದಿದ್ದೇ ನಿಜ, ಡಾಕ್ಟ್ರೇ," ಎಂದೆ.

"ಹಾಗಾದ್ರೆ ನೀವು ಬರ್ದಿದ್ದು ಸುಳ್ಳು."

"ಬರೆಯೋವಾಗ ಸುಳ್ಳು ಅನ್ನಿಸಿರ್ಲಿಲ್ಲ. ನಾಲ್ಕು ವರ್ಷ ಎಲ್ಲರಿಗೂ ಹೇಳಿ ಹೇಳಿ ನಾನೇ ನಂಬಿದ್ದೆ. ನಂಬೋಕೆ ಸುಲಭ ಇತ್ತು. ಕಾಲು ಕಾರಣ ಅಂದ್ರೆ ತಪ್ಪು ಸ್ಟೂಲಿಂದು. ಅಲ್ಲ ಅಂದ್ರೆ..." ಮೇಜಿನ ಮೇಲಿದ್ದ ನನ್ನ ಪತ್ರ ನೋಡುತ್ತಾ ಮುಂದುವರಿಸಿದೆ. "ಪಕ್ಕದ ಕೋಣೇಲಿ ಮಗು ಒಂದು ವರ್ಷ ಏನೂ ಅರ್ಥ ಆಗದೆ ಪುಸ್ತಕ ಹಿಡಿದು ಕೂತಿತ್ತು, ಅಮ್ಮ ಆದವಳಿಗೆ ಗೊತ್ತಾಗ್ಲಿಲ್ಲ ಅಂತಾಗತ್ತೆ. ದಿನಾ ಹತ್ತು ಜನರ ತಪ್ಪು ಹುಡುಕಿ ಬರೆಯೋಳು ನಾನು. ಮನೇಲಿದ್ದದ್ದು ಕಾಣಲಿಲ್ಲ."

ಮಗಳು ನನ್ನ ಕಡೆ ತಿರುಗಿ ನೋಡಿದಳು. ಈ ಮಾತು ಅವಳಿಗೂ ಹೊಸದು.

ಬಲಬದಿಯ ಪ್ರಾಧ್ಯಾಪಕರು ನನ್ನ ಪತ್ರವನ್ನು ಎತ್ತಿಕೊಂಡರು. "ಉಳಿದದ್ದು? 'ಕಲಿಯುವವರೊಡನೆ ತಾಳ್ಮೆ: ನನಗಿಂತ ಹೆಚ್ಚು.' ಇದು?"

"ಅದು ನಿಜ."

"'ತಾಯಿಯೊಡನೆ ತಾಳ್ಮೆ: ಇನ್ನೂ ಅಭ್ಯಾಸ ಬೇಕು'?"

"ಇವತ್ತು ಬರೆಯೋದಾದ್ರೆ, ಪರವಾಗಿಲ್ಲ ಅಂತ ಬರೀತೀನಿ," ಎಂದೆ. "ಬರೋವಾಗ ದಾರೀಲಿ ಹೇಳ್ದೆ. ಕಾರಿಂದ ಇಳಿಸಿ ಹೋಗ್ಲಿಲ್ಲ."

ಹಿರಿಯ ಡಾಕ್ಟರಮ್ಮ ಕನ್ನಡಕ ತೆಗೆದು ನಕ್ಕರು. ನಗು ಮೇಜಿನ ಆ ತುದಿಯಿಂದ ಈ ತುದಿಗೆ ಓಡಾಡಿತು. ನಾನು ಧೈರ್ಯ ಮಾಡಿ, "ಒಂದು ಪೆನ್ನು ಕೊಡ್ತೀರಾ?" ಎಂದೆ. ನನ್ನ ನಾಲ್ಕು ಸಾಲಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ 'ಇದು ತಪ್ಪು. ಬರೆದವರ ಗಾಬರಿಯಿಂದ ಆದದ್ದು' ಎಂದು ಬರೆದೆ. ಮಗಳಿಗೆ ಓದಿ ಹೇಳಿ ಕಾಗದ ಸರಿಸಿದೆ. ಅವಳು ಅಲ್ಲೇ, ಅಷ್ಟು ಜನರ ಮುಂದೆ, ತಲೆ ಅಲ್ಲಾಡಿಸುತ್ತಾ ಸಹಿ ಹಾಕಿದಳು.

"ಇದೇನಿದು?" ಎಂದರು ಪ್ರಾಧ್ಯಾಪಕರು.

"ನಮ್ಮ ಸ್ಕೂಲಿನ ನಿಯಮ ಸರ್," ಎಂದಳು ಮಗಳು.

"ಕೊನೇದೊಂದು ಪ್ರಶ್ನೆ," ಹಿರಿಯರು ಅವಳತ್ತ ಬಾಗಿದರು. "ಇಲ್ಲಿ ಮೊದಲ ವಾರ ಪಾಠ ಅರ್ಥ ಆಗದಿದ್ರೆ ಏನ್ಮಾಡ್ತೀಯ?"

"ಕೇಳ್ತೀನಿ ಮೇಡಂ. ಮತ್ತೂ ಅರ್ಥ ಆಗದಿದ್ರೆ ಮತ್ತೆ ಕೇಳ್ತೀನಿ. ನಾಲ್ಕು ವರ್ಷದಿಂದ ಕ್ಲಚ್ ಯಾವುದು ಅಂತ ಕೇಳೋರು ಒಬ್ರನ್ನ ನೋಡಿದೀನಿ. ಅವರಿಗೆ ಇದುವರೆಗೂ ಏನೂ ಆಗಿಲ್ಲ."

ಮೂರು ವಾರ ಕಾದೆವು. ಅಂಚೆ ತನ್ನ ಮಾಮೂಲಿ ನಿಧಾನಕ್ಕೆ ಮರಳಿತ್ತು. ಕಾಗದ ಬಂದ ದಿನ ನಮ್ಮೆಜಮಾನರು ಒಂದು ಕಟ್ಟಡದ ಎಂಟನೇ ಮಹಡಿಯಲ್ಲಿದ್ದರು. ನಾನು ಫೋನಿನಲ್ಲಿ ಓದಿ ಹೇಳಿದೆ: ಸೀಟು ಕೊಟ್ಟಿದ್ದಾರೆ, ಒಂದು ಷರತ್ತಿನೊಂದಿಗೆ. ಮೊದಲ ವರ್ಷ ಪ್ರತಿ ವಾರವೂ ತನಗೆ ಅರ್ಥವಾಗದ್ದನ್ನು ಬರೆದುಕೊಂಡು ಹೋಗಿ ಒಬ್ಬ ಅಧ್ಯಾಪಕರ ಮುಂದೆ ಕೂರಬೇಕು. ಪಟ್ಟಿ ಖಾಲಿ ಇದ್ದರೆ ಅದಕ್ಕೂ ಕಾರಣ ಹೇಳಬೇಕು. ಆ ಕಡೆಯಿಂದ ಲಿಫ್ಟಿನ ಗಂಟೆ ಬಾರಿಸುವುದು ಕೇಳಿಸಿತು, ಒಂದಲ್ಲ, ಹತ್ತು ಸಲ. ಯಾರೋ ಒಳಗೆ ಸಿಕ್ಕಿಕೊಂಡಿದ್ದಾರೆಂದು ಕಟ್ಟಡದವರು ಓಡಿಬಂದರಂತೆ.

ಅದೇ ವಾರ ಔಷಧಿ ಅಂಗಡಿಯವರು ಏಳನೇ ಸಲಕ್ಕೆ ಪಾಸಾದರು. ಮರುದಿನ ಬೆಳಿಗ್ಗೆ ಎಂದಿನಂತೆ ನಡೆದುಕೊಂಡೇ ಸ್ಕೂಲಿಗೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. "ಲೈಸೆನ್ಸ್ ಬಂತಲ್ಲ, ಇನ್ನೇನು?" ಎಂದರೆ, "ಪಕ್ಕದಲ್ಲಿ ನಿಮ್ಮ ಬ್ರೇಕು ಇಲ್ದೆ ಓಡಿಸೋಕೆ ಧೈರ್ಯ ಬರ್ತಿಲ್ಲ ಮೇಡಂ, ಇನ್ನೊಂದು ತಿಂಗಳು ಬರ್ತೀನಿ," ಎಂದರು. ನನ್ನ ಬ್ರೇಕು ಎಲ್ಲರಿಗೂ ಬೇಡವೆಂದೇನಿಲ್ಲ, ನೋಡಿ.

ಕಾಲೇಜಿಗೆ ಹೊರಡುವ ದಿನ ಮಗಳು ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದಳು. ನಾನು ಕಾರಿನ ಬೀಗದ ಕೈ ತೆಗೆದುಕೊಂಡೆ, ಅವಳು ನನ್ನ ಕಾಲು ನೋಡಿದಳು, ನಾನು ಬೀಗದ ಕೈ ಮತ್ತೆ ಮೊಳೆಗೆ ಹಾಕಿದೆ. "ಬಸ್ಸಲ್ಲಿ ಹೋಗು," ಎಂದೆ.

ಅಷ್ಟರಲ್ಲಿ ಒಳಗಿನಿಂದ ಅತ್ತೆಯ ಕೂಗು. ಆ ಪುಟ ಓದಿದ ದಿನದಿಂದ ಅವರು ಮೊಮ್ಮಗಳನ್ನು ಏನೆಂದು ಕರೆಯಬೇಕೆಂದು ತಿಳಿಯದೆ, "ಏ ಇವಳೇ", "ಕೇಳಿಸ್ತಾ" ಎಂದೇ ದಿನ ತಳ್ಳುತ್ತಿದ್ದರು. ಇವತ್ತು ಕೋಲೂರಿಕೊಂಡು ಹೊಸಿಲವರೆಗೆ ಬಂದರು.

"ನೋಡು, ಆ ಡಾಕ್ಟ್ರಮ್ಮ ಅನ್ನೋ ಹೆಸರನ್ನ ನಾನು ವಾಪಸ್ ತಗೊಂಡಿದೀನಿ," ಎಂದರು. "ಓದು ಮುಗಿಸಿ ಬಾ, ಆಮೇಲೆ ಕೊಡ್ತೀನಿ. ಅಲ್ಲಿವರೆಗೂ ನಿಂಗೆ ಬೇರೆ ಹೆಸರು ಹುಡುಕಿದೀನಿ."

"ಏನಜ್ಜಿ ಅದು?"

"ಪೆದ್ದಿ."

"ಅತ್ತೇ!" ಎಂದೆ ನಾನು.

"ನೀನು ಸುಮ್ನಿರೇ. ಪೆದ್ದಿ ಏನು ಕೇಳಿದ್ರೂ ನಡೆಯತ್ತೆ, ಯಾರೂ ಏನೂ ಅನ್ನಲ್ಲ. ಹೋಗಿ ಬಾರೇ ಪೆದ್ದಿ. ಬಸ್ಸು ಎಲ್ಲಿ ನಿಲ್ಲತ್ತೆ ಗೊತ್ತಾ?"

ಹದಿನೈದು ವರ್ಷ ಅದೇ ನಿಲ್ದಾಣದಿಂದ ಬಸ್ಸು ಹತ್ತಿದವಳು ನನ್ನ ಮಗಳು. ಅವಳು ಅಜ್ಜಿಯ ಕೆನ್ನೆ ಹಿಂಡಿ, "ಗೊತ್ತಿಲ್ಲ ಅಜ್ಜಿ, ಎಲ್ಲಿ?" ಎಂದು ಕೇಳಿದಳು.